ದೊಡ್ಡಪ್ಪ, ಚಿಕ್ಕಮ್ಮ, ಸೋದರಮಾವ, ಅಜ್ಜ ಮತ್ತು ನಮ್ಮ ಮೇಡಂ

ನಮ್ಮ ಇಟಾಲಿಯನ್ ಮೇಡಂ ನಿವೃತ್ತರಾದ ಸುದ್ದಿಯನ್ನು ನಾನು ನಾಲ್ಕು ಥರ ಹೇಳಬಲ್ಲೆ.

ದೊಡ್ಡಪ್ಪನ ಗಂಟಲಲ್ಲಿ: "ಕಾಶಿಯ ವಿಶ್ವವಿದ್ಯಾಲಯವೊಂದರಲ್ಲಿ ಇಟಾಲಿಯನ್ ಭಾಷೆ ಕಲಿಸುತ್ತಿದ್ದ, ಮೈಸೂರು ಮೂಲದ ಹಿರಿಯ ಅಧ್ಯಾಪಕಿಯೊಬ್ಬರು, ಬಲ್ಲ ಮೂಲಗಳ ಪ್ರಕಾರ, ಸೇವೆಯಿಂದ ನಿವೃತ್ತರಾಗಿದ್ದು, ಮುಂದಿನ ವ್ಯವಸ್ಥೆಯ ಕುರಿತು ಮಾತುಕತೆ ನಡೆಯುವ ಸಂಭವವಿದೆ." ಚಿಕ್ಕಮ್ಮ: "ವಿಶ್ವವಿದ್ಯಾಲಯದ ಲಂಕಾ ಗೇಟಿನ ಎದುರು ನಿಂಬೆ ಚಹಾದ ಹಬೆ ಎಂದಿನಂತೆ ಏಳುತ್ತಿದೆ. ಆದರೆ ಇಂದು ಆ ಹಬೆಯ ಹಿಂದೆ ಒಂದು ಕನ್ನಡಕ ಇಲ್ಲ." ಸೋದರಮಾವ: "ಮೇಡಂ ಔಟ್! ಗುರುವಾರ ಇನ್ನು ಬೈಯುವವರು ಯಾರು?" ಅಜ್ಜ: "ಹೋದವರಿಗೂ, ಉಳಿದವರಿಗೂ, ಖಾಲಿಯಾದ ಕುರ್ಚಿಗೂ ದೇವರು ಒಳ್ಳೆಯದು ಮಾಡಲಿ."

ಈ ನಾಲ್ವರು ನನ್ನ ನೆಂಟರಲ್ಲ. ಇಟಲಿಯ ನಾಲ್ಕು ಪತ್ರಿಕೆಗಳು. ದೊಡ್ಡಪ್ಪ ಗಂಭೀರ, ಕೋಟು ಹಾಕಿಕೊಂಡೇ ಮಲಗುವವನು. ಚಿಕ್ಕಮ್ಮ ಯಾವ ಸುದ್ದಿಯನ್ನೂ ಒಂದು ಹನಿ ಕಣ್ಣೀರಿಲ್ಲದೆ ಬಡಿಸುವುದಿಲ್ಲ. ಸೋದರಮಾವ ಮದುವೆಮನೆಗೆ ಜಗಳಕ್ಕೆಂದೇ ಬರುವ ಗಂಟಲು. ಅಜ್ಜ ಚರ್ಚಿನ ಕಡೆಯವನು, ಕೊನೆಯ ಸಾಲಿನಲ್ಲಿ ಎಲ್ಲರ ತಲೆ ನೇವರಿಸಿ ಕಳಿಸುತ್ತಾನೆ. ಹೆಸರಿಟ್ಟವರು ಮೇಡಂ. ತರಗತಿಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ ಆಗಿದ್ದರೂ ಹೆಸರುಗಳು ಕನ್ನಡದಲ್ಲೇ ಇದ್ದವು. ಕಾರಣ ಕೇಳಿದ್ದಕ್ಕೆ, "ಬನಾರಸಿನಲ್ಲಿ ನಿಂತು ಹಿಂದಿಯಲ್ಲಿ ಸಂಬಂಧ ಹೇಳಿ ಕರೆದರೆ ಅರ್ಧ ಬೈಗುಳ ಆಗುತ್ತೆ ಕಣೋ" ಅಂದಿದ್ದರು. ಬಲಿಯಾ ಊರಿನಿಂದ ಬಂದ ನನ್ನ ಗೆಳೆಯ ಪಿಂಟು ಮೊದಲ ಸೆಮಿಸ್ಟರ್ ಪೂರ್ತಿ ಇವು ಇಟಾಲಿಯನ್ ಪದಗಳೆಂದೇ ನಂಬಿದ್ದ. ಪರೀಕ್ಷೆಯಲ್ಲಿ 'ಸೋದರಮಾವ'ನನ್ನು ರೋಮನ್ ಲಿಪಿಯಲ್ಲಿ ಬರೆದು ಬಂದ. ಮೇಡಂ ಅದಕ್ಕೆ ಅರ್ಧ ಅಂಕ ಕೊಟ್ಟರು, "ಉಚ್ಚಾರಣೆಗೆ" ಎಂದು.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು, ಯಾಕೆಂದರೆ ನನ್ನ ಬಗ್ಗೆ ಮಾತಾಡದೆ ನನಗೆ ತಿಂದ ಅನ್ನ ಕರಗುವುದಿಲ್ಲ. ಅಪ್ಪ ಗದಗಿನ ಕಡೆಯವರು. ಕರ್ನಾಟಕದ ಮಠವೊಂದರ ಕಾಶಿ ಶಾಖೆಯಲ್ಲಿ ಅತಿಥಿ ಕೋಣೆಗಳ ಉಸ್ತುವಾರಿ. ಮಠದ ಹಿಂಭಾಗದ ಎರಡು ಕೋಣೆಯೇ ನಮ್ಮ ಮನೆ. ನಾನು ಹುಟ್ಟಿದ್ದು ಇಲ್ಲೇ. ಮನೆಯೊಳಗೆ ಗದಗಿನ ಕನ್ನಡ, ಗಲ್ಲಿಗೆ ಇಳಿದರೆ ಭೋಜಪುರಿ, ಶಾಲೆಯಲ್ಲಿ ಹಿಂದಿ. ಮೂರನ್ನೂ ಸರಿಯಾಗಿ ಕಲಿಯದ ಕಾರಣ ಮೂರರಲ್ಲೂ ಅಣಕಿಸಲು ಕಲಿತೆ. ಇ-ರಿಕ್ಷಾದವನು, ಘಾಟಿನ ಪುರೋಹಿತ ಪಂಡಾ, ದೋಣಿಯವನ ಹತ್ತಿರ ಚೌಕಾಸಿ ಮಾಡುವ ಬೆಂಗಳೂರಿನ ಆಂಟಿ, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗಿದ್ದಾರೆ. ಅಪ್ಪನಂತೂ ಖಾಯಂ. "ಗೀಜರ್ ಬಂದ್ ಮಾಡ್ರೀ, ಗಂಗಾ ಐತಲ್ಲ ಹೊರಗ!" ಎಂದು ನಾನು ಅಪ್ಪನ ದನಿಯಲ್ಲಿ ಕೂಗಿದರೆ ಮೂರನೇ ಮಹಡಿಯವರು ನಿಜವಾಗಿ ಬಂದ್ ಮಾಡುತ್ತಾರೆ.

ಮೇಡಂ ಸಿಕ್ಕಿದ್ದೂ ಈ ಬಾಯಿಂದಲೇ. ಬನಾರಸಿನ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಒಂದು ಚಳಿಗಾಲದ ಬೆಳಿಗ್ಗೆ. ಮಂಜು ಎಷ್ಟಿತ್ತೆಂದರೆ ಪ್ಲಾಟ್‌ಫಾರ್ಮೇ ತಡವಾಗಿ ಬರುವಂತಿತ್ತು. ಮಠಕ್ಕೆ ಬರುವ ಯಾತ್ರಿಕರಿಗೆ ಕಾಯುತ್ತ, ಬೇಜಾರಿಗೆ, ಧ್ವನಿವರ್ಧಕದ ಹೆಂಗಸಿನ ದನಿ ತೆಗೆದು, ಹುಬ್ಬಳ್ಳಿ ಕಡೆಯ ಗಾಡಿ ನಾಲ್ಕು ಗಂಟೆ ತಡ, ಅಸುವಿಧೆಗೆ ಖೇದವಿದೆ ಎಂದು ಹಿಂದಿಯಲ್ಲಿ ಘೋಷಿಸಿಬಿಟ್ಟೆ. ಬೆಂಚಿನ ಮೇಲಿದ್ದವರೆಲ್ಲ ನರಳಿದರು. ಒಬ್ಬ ಹೆಂಗಸು ಮಾತ್ರ ಎದ್ದರು. ರೇಷ್ಮೆ ಸೀರೆ, ಕ್ಯಾನ್ವಾಸ್ ಶೂ, ತಲೆಗೆ ಕೋತಿ ಟೋಪಿ. ಹಮಾಲಿಯನ್ನು ಕೇಳಿದರು, ಚಹಾದವನನ್ನು ಕೇಳಿದರು, ವಿಚಾರಣೆಯ ಕಿಟಕಿಗೆ ಹೋಗಿ ಬಂದರು. ಬಂದು ನನ್ನೆದುರು ನಿಂತು ಹಿಂದಿಯಲ್ಲಿ, "ಮೂವರು ಒಂದು ಗಂಟೆ ತಡ ಅಂತಾರೆ. ನಾಲ್ಕು ಅಂದವನು ನೀನೊಬ್ಬನೇ. ನಿನ್ನ ಸುದ್ದಿಯ ಮೂಲ ಯಾವುದು?" ಎಂದರು. ಅಷ್ಟರಲ್ಲಿ ಅಪ್ಪನ ಫೋನ್ ಬಂತು, ನಾನು ಕನ್ನಡದಲ್ಲಿ ಮಾತಾಡಿದೆ. ಅವರ ಮುಖ ಅರಳಿತು.

"ಓಹೋ, ನಮ್ಮೋನೇ. ಹಾಗಾದ್ರೆ ಕನ್ನಡದಲ್ಲೇ ಬೈಬಹುದು."

ಬೈದರು. ಆಮೇಲೆ ಚಹಾ ಕೊಡಿಸಿದರು. ಕುಡಿದ ಮಣ್ಣಿನ ಕುಲ್ಹಡ್ ಎಸೆಯುವ ಮುಂಚೆ ಹೇಳಿದ್ದು: "ಬಾಯಿ ಚೆನ್ನಾಗಿದೆ ಕಣಯ್ಯ. ಒಳಗೆ ಏನಾದ್ರೂ ಹಾಕಬೇಕಷ್ಟೆ. ನಮ್ಮ ಡಿಪ್ಲೊಮಾಗೆ ಸೇರು."

ಹೀಗೆ ಸೇರಿದೆ. ಘಾಟಿನಲ್ಲಿ ಇಟಾಲಿಯನ್ ಪ್ರವಾಸಿಗರಿಗೆ ಗೈಡ್ ಆಗಿ ಮೆರೆಯುವ ಆಸೆಯೂ ಇತ್ತು, ಸುಳ್ಳು ಯಾಕೆ.

ವಾರದ ಉಳಿದ ದಿನ ವ್ಯಾಕರಣ, ಗುರುವಾರ ಮಾತ್ರ ಪತ್ರಿಕೆ. ಇಟಲಿಯಲ್ಲಿ ಆ ವಾರ ನಡೆದ ಒಂದೇ ಒಂದು ಸಂಗತಿ, ಒಂದು ಬಸ್ ಮುಷ್ಕರವೋ, ಹಿಮ ಬಿದ್ದು ರಸ್ತೆ ಮುಚ್ಚಿದ್ದೋ, ಅದನ್ನು ನಾಲ್ಕೂ ಪತ್ರಿಕೆ ಹೇಗೆ ಬರೆದಿವೆ ಎಂದು ಪ್ರಿಂಟ್ ತೆಗೆದು ತರುತ್ತಿದ್ದರು. ಒಬ್ಬೊಬ್ಬರು ಒಂದೊಂದು ಪತ್ರಿಕೆಯಾಗಿ ನಿಂತು ಓದಬೇಕು. ಬಸ್ ಮುಷ್ಕರದ ದಿನ ದೊಡ್ಡಪ್ಪ ಸಾರಿಗೆ ಮಂತ್ರಿಯಿಂದ ಶುರು ಮಾಡಿದ್ದ. ಚಿಕ್ಕಮ್ಮ ಬಸ್ ಸಿಗದೆ ನಡೆದು ಹೋದ ಒಬ್ಬ ನರ್ಸಿನಿಂದ. ಸೋದರಮಾವ "ಸೋಮಾರಿಗಳು ಗೆದ್ದರು" ಅಂತ ಕೂಗಿದ್ದ. ಅಜ್ಜ ಚಾಲಕರಿಗೂ ಪ್ರಯಾಣಿಕರಿಗೂ ತಾಳ್ಮೆ ಬೇಡಿದ್ದ. "ನಾಲ್ಕೂ ಓದಿ ಮುಗಿಸಿದ್ರಿ. ಈಗ ಹೇಳಿ, ಮುಷ್ಕರ ಯಾಕೆ ಆಯ್ತು?" ಅಂದರು ಮೇಡಂ. ಯಾರಿಗೂ ಗೊತ್ತಿರಲಿಲ್ಲ. ನಾಲ್ಕರಲ್ಲಿ ಯಾರೂ ಚಾಲಕನನ್ನು ಕೇಳಿರಲಿಲ್ಲ.

ಅವರ ಇನ್ನೊಂದು ಪ್ರಶ್ನೆ ಪ್ರತಿ ಗುರುವಾರದ ಕೊನೆಯಲ್ಲಿ ಬರುತ್ತಿತ್ತು. ಎರಡು ಕೈ ತಟ್ಟಿ ಚಾಕ್ ಪುಡಿ ಕೊಡವಿ, ಕನ್ನಡಕ ತಲೆಗೇರಿಸಿ, "ಯಾರ ಮಾತು ಇಲ್ಲಿಲ್ಲ?" ಎಂದು ಕೇಳುವುದು. ಆಮೇಲೆ ತಲೆಯ ಮೇಲಿನ ಕನ್ನಡಕವನ್ನು ಮೇಜಿನ ಮೇಲೆ ಹುಡುಕುವುದು. ನಾನು ಇದನ್ನು ಕಾರಿಡಾರಿನಲ್ಲಿ ಮಾಡಿ ತೋರಿಸುತ್ತಿದ್ದೆ. ಒಮ್ಮೆ ಅವರೇ ಹಿಂದೆ ನಿಂತು ಪೂರ್ತಿ ನೋಡಿ, "ಚಾಕ್ ಕೊಡವೋದು ಮೊದಲು, ಕನ್ನಡಕ ಆಮೇಲೆ. ಕ್ರಮ ತಪ್ಪಿದೆ" ಎಂದು ತಿದ್ದಿ ಹೋದರು.

ಒಂದು ನಿಯಮವಿತ್ತು. ನಿನ್ನ ಪಾಲಿಗೆ ಬಂದ ಪತ್ರಿಕೆಯನ್ನು ಗೇಲಿ ಮಾಡುತ್ತ ಓದುವಂತಿಲ್ಲ. ಬರೆದವನು ನಂಬಿ ಬರೆದಿದ್ದಾನೆ, ನೀನೂ ನಂಬಿ ಓದು. ನನ್ನಂಥವನಿಗೆ ಇದು ಉಪವಾಸಕ್ಕಿಂತ ಕಷ್ಟ. ಸೋದರಮಾವ ನನ್ನ ಪಾಲಿಗೆ ಬಂದಾಗಲೆಲ್ಲ ಹುಬ್ಬು ತಾನಾಗಿ ಕುಣಿಯುತ್ತಿತ್ತು. "ಗಿಣಿರಾಮ," ಎನ್ನುತ್ತಿದ್ದರು, ಅದು ನನಗಿಟ್ಟ ಹೆಸರು, "ಹೊರಗಿನಿಂದ ಅಣಕಿಸೋದು ಗಿಣಿ ಕೆಲಸ. ಒಳಗೆ ಹೋಗಿ ನೋಡು, ಅವನಿಗೇನು ಕೋಪ ಅಂತ."

ಖಚಿತವಿಲ್ಲದ್ದನ್ನು ಬರೆಯುವಾಗ ಇಟಾಲಿಯನ್ ಪತ್ರಿಕೆಗಳು ಕ್ರಿಯಾಪದದ ರೂಪವನ್ನೇ ಬದಲಿಸುತ್ತವೆ. ಹಿಂದಿಯವರು ಇದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದರೆ ಮೇಡಂ ನನ್ನ ಕಡೆ ತಿರುಗಿ, "ನಮ್ಮ 'ಅಂತೆ' ಕಣೋ. ಬಂದನಂತೆ, ಹೋದನಂತೆ. ದೊಡ್ಡಪ್ಪ 'ಅಂತೆ' ಇಲ್ಲದೆ ಬಾಯಿ ಬಿಡಲ್ಲ, ಸೋದರಮಾವನಿಗೆ ಅದು ಗಂಟಲಲ್ಲಿ ಇಳಿಯಲ್ಲ" ಎಂದಿದ್ದರು. ಇಡೀ ತರಗತಿಯಲ್ಲಿ ಅದು ತಕ್ಷಣ ಅರ್ಥವಾದದ್ದು ನನಗೊಬ್ಬನಿಗೆ. ಆ ದಿನ ಮನೆಗೆ ಹೋಗುವಾಗ ಗದಗಿನ ಕನ್ನಡದ ಬಗ್ಗೆ ನನಗೆ ಮೊದಲ ಸಲ ಕಾಲರ್ ಎತ್ತಿಕೊಳ್ಳುವಷ್ಟು ಹೆಮ್ಮೆಯಾಯಿತು.

ತರಗತಿಯ ಹೊರಗೂ ಅವರು ಹೀಗೆಯೇ. ಬನಾರಸಿನಲ್ಲಿ ದಾರಿ ಕೇಳಿದರೆ ಗೊತ್ತಿಲ್ಲ ಎನ್ನುವ ಮನುಷ್ಯ ಇನ್ನೂ ಹುಟ್ಟಿಲ್ಲ. ಅದಕ್ಕೇ ಇಷ್ಟು ವರ್ಷ ಇಲ್ಲಿದ್ದೂ ಅವರು ಮೂವರನ್ನು ಕೇಳದೆ ಗಲ್ಲಿಯೊಳಗೆ ಕಾಲಿಡುತ್ತಿರಲಿಲ್ಲ. ಗಂಗೆಯ ಆಚೆ ದಡದ ರಾಮನಗರದ ಮಾರುಕಟ್ಟೆಯಲ್ಲಿ ಬದನೆಕಾಯಿ ಕೊಳ್ಳಲು ನಾಲ್ಕು ಗಾಡಿ ಸುತ್ತಿ, ಕೊನೆಗೆ ಮೊದಲಿನವನಲ್ಲೇ ಕೊಂಡು, ಅವನು ನಕ್ಕರೆ, "ನಿನ್ನನ್ನು ನಂಬಲಿಲ್ಲ ಅಂತಲ್ಲ ಭೈಯಾ, ಈಗ ನಂಬೋಕೆ ಕಾರಣ ಸಿಕ್ಕಿತು" ಎನ್ನುತ್ತಿದ್ದರು. ನಮ್ಮ ಮಠದಲ್ಲಿ ವರ್ಷಕ್ಕೆರಡು ಸಲ ಊರಿನ ಕನ್ನಡಿಗರೆಲ್ಲ, ಎಂದರೆ ನಾಲ್ಕಾರು ಡಾಕ್ಟರು, ಪ್ರೊಫೆಸರು, ಅವರ ಹಿಂದಿ ಮಾತಾಡುವ ಮಕ್ಕಳು, ಸೇರಿ ಉಣ್ಣುತ್ತಾರೆ. ಅಲ್ಲಿ ಮೇಡಂ ತಮ್ಮ ಪುಳಿಯೋಗರೆಯನ್ನು ಯಾರಾದರೂ ಹೊಗಳಿದರೆ, "ಇನ್ನೂ ಇಬ್ಬರು ಹೇಳಲಿ" ಎಂದು ಕಾಯುತ್ತಿದ್ದರು.

ಇಂಥವರ ಕೈಗೆ ಒಂದು ಗುರುವಾರ ನನ್ನ ಅಪ್ಪ ಸಿಕ್ಕಿದರು.

ಜೂಲಿಯಾ ಎಂಬ ಇಟಾಲಿಯನ್ ಹುಡುಗಿ ಮಠದ ಅತಿಥಿ ಕೋಣೆಯಲ್ಲಿ ಬಂದು ಇಳಿದಿದ್ದಳು. ಅಪ್ಪನ ಬಾಯಲ್ಲಿ ಜೂಲಿಯವ್ವ. ಕೆಲವು ದಿನ ಘಾಟ್ ಸುತ್ತಿ, ಆಮೇಲೆ ತಾನಾಗಿಯೇ ಮೌನ ವ್ರತ ಹಿಡಿದಳು. ಫೋನನ್ನು ಆಫ್ ಮಾಡಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಮನೆಗೆ ಹೇಳಿರಲಿಲ್ಲ. ಮಗಳ ಸದ್ದಿಲ್ಲವೆಂದು ಇಟಲಿಯಲ್ಲಿ ತಾಯಿಗೆ ದಿಗಿಲಾಯಿತು. ಪೊಲೀಸರು, ರಾಯಭಾರ ಕಚೇರಿ, ಎಲ್ಲ ಕಡೆ ಸುದ್ದಿ ಹೋಯಿತು. ಇಲ್ಲಿನ ಪೊಲೀಸರು ಮಠಕ್ಕೆ ಬಂದರು. ಹುಡುಗಿ ಹೊರಬಂದು, ಮಾತಾಡಿ, ಸಮಾಧಾನ ಹೇಳಿ, ತಾಯಿಗೆ ಫೋನ್ ಮಾಡಿ, ಎರಡು ದಿನದಲ್ಲಿ ವಿಮಾನ ಹತ್ತಿದಳು. ಇಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಯಾಕೆಂದರೆ ಸೋದರಮಾವನಿಗೆ ಒಂದು ಫೋಟೊ ಸಿಕ್ಕಿತು. ಯಾವನೋ ಪ್ರವಾಸಿ ಎಂದೋ ತೆಗೆದದ್ದು. ಹಣೆಗೆ ವಿಭೂತಿ, ತೊಡೆಯ ಮೇಲೆ ಕೀಲಿಕೈ ಗೊಂಚಲು, ಮಠದ ಬಾಗಿಲಲ್ಲಿ ಕೂತ ನನ್ನ ಅಪ್ಪ. ಕಣ್ಣು ಮುಚ್ಚಿದ್ದಾರೆ. ಊಟವಾದ ಮೇಲೆ ಅಪ್ಪ ದಿನಾ ಅಲ್ಲಿ ತೂಕಡಿಸುತ್ತಾರೆ. ಪತ್ರಿಕೆ ಅದನ್ನು ಸಮಾಧಿ ಸ್ಥಿತಿ ಎಂದಿತ್ತು. ಮೇಲೆ ದಪ್ಪಕ್ಷರದಲ್ಲಿ: "ಹುಡುಗಿಯನ್ನು ಮೌನವಾಗಿಸಿದ ಬನಾರಸಿನ ಸಾಂತೋನೆ." ಸಾಂತೋನೆ ಎಂದರೆ ಇಟಾಲಿಯನ್ನಿನಲ್ಲಿ ಕಪಟ ಬಾಬಾ ಎಂದಂತೆ, ತುಟಿ ಓರೆ ಮಾಡಿ ಹೇಳುವ ಮಾತು.

ಪಿಂಟು ಅದನ್ನು ಕಚೌಡಿ ಅಂಗಡಿಯಲ್ಲಿ ತೋರಿಸಿದಾಗ ನಾನು ನಕ್ಕೆ. ಮನೆಗೆ ಬಂದು ಅಪ್ಪನಿಗೆ "ಬಾಬಾ ಕೀ ಜೈ" ಎಂದು ಅಡ್ಡ ಬಿದ್ದೆ. ಅಪ್ಪ ನಗಲಿಲ್ಲ. ಮಠದ ಹಿರಿಯ ಸ್ವಾಮಿಗಳು ಕರೆಸಿದ್ದರಂತೆ. ಹೊರದೇಶದಲ್ಲಿ ಮಠದ ಹೆಸರು ಬಂದಿದೆ, ಈ ಗದ್ದಲ ತಣಿಯುವ ತನಕ ನೀನು ಊರ ಕಡೆಯ ಶಾಖೆಗೆ ಹೋಗಿರು ಎಂದಿದ್ದರು. ಹೋದವರನ್ನು ಮತ್ತೆ ಕರೆಸುವುದು ಮಠಗಳಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂದು ಅಪ್ಪನಿಗೆ ಗೊತ್ತಿತ್ತು. ಕೆಲಸ ಹೋದರೆ ಎರಡು ಕೋಣೆಯೂ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಜೀವಮಾನವೆಲ್ಲ ಗೀಜರ್ ಕಾದ ಮನುಷ್ಯ ಹುಡುಗಿಯರನ್ನು ಕೂಡಿಹಾಕುವವನು ಎಂಬ ಹೆಸರು ಹೊತ್ತು ಗಾಡಿ ಹತ್ತಬೇಕಿತ್ತು.

ನನ್ನ ಯೋಜನೆ ಸಿದ್ಧವಿತ್ತು. ಟೈ ಕಟ್ಟಿಕೊಂಡು ಇಟಾಲಿಯನ್ ವಾರ್ತಾವಾಚಕನಾಗಿ ಸೋದರಮಾವನ ಮರ್ಯಾದೆ ತೆಗೆಯುವ ಒಂದು ವಿಡಿಯೊ. ಮೇಡಂಗೆ ಫೋನ್ ಮಾಡಿ ವಿವರಿಸಿದೆ. ಅವರು ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ನಾಳೆ ಗುರುವಾರ. ಕ್ಲಾಸಿಗೆ ಬಾ."

ಹೋದೆ. ಬೋರ್ಡಿನ ಮೇಲೆ ನಾಲ್ಕು ಪತ್ರಿಕೆಯ ನಾಲ್ಕು ಪ್ರಿಂಟ್. ಸಂಗತಿ: ಬನಾರಸಿನ ಇಟಾಲಿಯನ್ ಹುಡುಗಿ. ನನ್ನ ಕೈಗೆ ಸೋದರಮಾವನನ್ನು ಕೊಟ್ಟರು.

"ಇದನ್ನ ನಾನು ಓದಲ್ಲ ಮೇಡಂ."

"ಹೋದ ತಿಂಗಳು ಒಬ್ಬ ಮೇಯರನ ಬಗ್ಗೆ ಇವನು ಬರೆದದ್ದನ್ನ ಎಷ್ಟು ಚೆನ್ನಾಗಿ ಓದಿದೆ. ಆ ಮೇಯರಿಗೂ ಮಗ ಇರಬಹುದು."

"ಅದು ಬೇರೆ."

"ಹೌದಾ? ಹೇಗೆ?" ಎಂದರು.

ಓದಿದೆ. ನಂಬಿ ಓದು ಎಂಬ ನಿಯಮ ಮುರಿಯದೆ ಓದಿದೆ. ದನಿ ಸೋದರಮಾವನದೇ ಇತ್ತು. ಪಿಂಟು ತಲೆ ಬಗ್ಗಿಸಿ ಕೂತಿದ್ದ. ಆಮೇಲೆ ಉಳಿದವರು. ದೊಡ್ಡಪ್ಪ ರಾಯಭಾರ ಕಚೇರಿಯ ಮಾತನ್ನು ಉಲ್ಲೇಖಿಸಿ ನಿಲ್ಲಿಸಿದ್ದ, ಎಲ್ಲ ಸಾಲಿಗೂ 'ಅಂತೆ'. ಚಿಕ್ಕಮ್ಮ ಗಂಗೆಯ ಮಂಜು, ಧೂಪದ ಹೊಗೆ, ಮಣಿಕರ್ಣಿಕಾ ಘಾಟಿನ ಬೆಂಕಿ ಎಲ್ಲ ಬರೆದಿದ್ದಳು. ಮಠದಿಂದ ಮಣಿಕರ್ಣಿಕೆ ಕಾಣುವುದೇ ಇಲ್ಲ. ಅಜ್ಜ ತಾಯಂದಿರಿಗಾಗಿ ಪ್ರಾರ್ಥಿಸಿದ್ದ.

"ಇವುಗಳಲ್ಲಿ ಯಾರು ತಾಯಿಯನ್ನ ಮಾತಾಡಿಸಿದ್ದಾರೆ?" ಮೇಡಂ ಕೇಳಿದರು.

ಪುಟ ಮಗುಚಿದೆವು. ದೊಡ್ಡಪ್ಪ ಇಲ್ಲ. ಚಿಕ್ಕಮ್ಮ ಇಲ್ಲ. ತಾಯಂದಿರಿಗೆ ಪ್ರಾರ್ಥಿಸಿದ ಅಜ್ಜನೂ ಇಲ್ಲ. ನನ್ನ ಕೈಯಲ್ಲಿದ್ದ ಸೋದರಮಾವ ಮಾತ್ರ, ಆ ಸುಳ್ಳು ಶೀರ್ಷಿಕೆಯ ಕೆಳಗೆ, ನಡುವೆ ಎಲ್ಲೋ, ತಾಯಿಯ ಮಾತು ಹಾಕಿದ್ದ: ನಾನು ಮೂರು ಸಲ ಮಠಕ್ಕೆ ಫೋನ್ ಮಾಡಿದೆ, ಒಬ್ಬ ಗಂಡಸು ಎತ್ತಿ ಮಗಳನ್ನು ಕರೆಯುವುದಿಲ್ಲ ಎಂದ.

"ಇದು ನಿಜವಾ?" ಮೇಡಂ ನನ್ನನ್ನು ಕೇಳಿದರು.

"ಸುಳ್ಳು ಇರುತ್ತೆ ಮೇಡಂ. ಫೋಟೊನೇ ಸುಳ್ಳು."

"ಫೋಟೊ ಸುಳ್ಳು ಅಂತ ಗೊತ್ತಿದೆ. ಇದು?" ಕೈ ತಟ್ಟಿದರು, ಕನ್ನಡಕ ತಲೆಗೇರಿತು. "ಯಾರ ಮಾತು ಇಲ್ಲಿಲ್ಲ?"

ಪಿಂಟು, "ಇವನ ಬಾಬೂಜೀದು" ಎಂದ.

ಮೇಡಂ ಚೀಲ ತೆಗೆದುಕೊಂಡರು. ತರಗತಿಯ ನಡುವೆಯೇ ನನ್ನನ್ನು ಇ-ರಿಕ್ಷಾ ಹತ್ತಿಸಿ ಮಠಕ್ಕೆ ಬಂದರು. ದಾರಿಯುದ್ದಕ್ಕೂ ನಾನು ಅಪ್ಪನ ಪರ ವಕೀಲಿ ಮಾಡಿದೆ. ಅವರು ಗೋದೌಲಿಯಾದ ಟ್ರಾಫಿಕ್ ನೋಡುತ್ತಿದ್ದರು.

ಅಪ್ಪ ಆಫೀಸಿನಲ್ಲಿ ಕೀಲಿಕೈಗಳಿಗೆ ಚೀಟಿ ಕಟ್ಟುತ್ತಿದ್ದರು, ತಮ್ಮ ನಂತರ ಬರುವವನಿಗೆ ತಿಳಿಯಲೆಂದು. ಮೇಡಂ ಎದುರಿಗೆ ಸ್ಟೂಲ್ ಎಳೆದುಕೊಂಡರು.

"ಅಯ್ನೋರೇ, ಆ ಹುಡುಗಿ ತಾಯಿ ಇಲ್ಲಿಗೆ ಫೋನ್ ಮಾಡಿದ್ರಾ?"

ನಾನು ಇಲ್ಲ ಎಂಬ ಉತ್ತರಕ್ಕೆ ಬಾಯಿ ತೆರೆದು ಸಿದ್ಧನಾಗಿದ್ದೆ. ಅಪ್ಪ ಹೇಳಿದರು: "ಮಾಡಿದ್ರರೀ. ಮೂರು ಸಲ."

"ನೀವು ಏನಂದ್ರಿ?"

"ನನಗ ಬರೂದು ನಾಕ ಇಂಗ್ಲಿಷ್ ಮಾತು. ಮೌನ ಐತಿ, ಫೋನಿಗೆ ಬರಂಗಿಲ್ಲ ಅಂದೆ. ಮೌನ ಹಿಡದಾಕಿನ್ನ ನಾ ಹೆಂಗ ಮಾತಾಡಸಲಿ ಮೇಡಂನೋರ? ವ್ರತ ಮುರದ ಪಾಪ ನನಗ ಬರತೈತಿ. ಇಷ್ಟ ವರ್ಷ ಇಲ್ಲಿ ಯಾರ ಮೌನಾನೂ ನಾ ಮುರದಿಲ್ಲ. ದೊಡ್ಡ ದೊಡ್ಡ ಮಂದಿ ಫೋನ್ ಬಂದ್ರೂ ಇಲ್ಲ ಅಂದೇನಿ."

"ಅವರು ತಾಯಿ ಅಂತ ಗೊತ್ತಾಯ್ತಾ?"

"ಆತು. ಮೂರನೇ ಸಲ ಅಳಾಕತ್ತಿದ್ರು." ಅಪ್ಪ ಒಂದು ಕೀಲಿಯನ್ನು ಎತ್ತಿ, ಮತ್ತೆ ಕೆಳಗಿಟ್ಟರು. "ನಾ ಫೋನ್ ಇಟ್ಟುಬಿಟ್ಟೆ."

ಇದನ್ನು ಅಪ್ಪ ನನಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಕೂಡ, ಇಟಲಿಯ ನಾಲ್ಕು ಪತ್ರಿಕೆಗಳಾಗಲಿ, ಹಿರಿಯ ಸ್ವಾಮಿಗಳಾಗಲಿ, ಮಗನಾಗಲಿ.

"ತಪ್ಪು ಮಾಡಿದ್ರಿ ಅಯ್ನೋರೇ," ಎಂದರು ಮೇಡಂ. ದನಿ ಏರಲಿಲ್ಲ. "ಆ ಫೋಟೊ ಸುಳ್ಳು, ಸಾಂತೋನೆ ಅನ್ನೋದು ಸುಳ್ಳು, ಕೂಡಿಹಾಕಿದ್ದು ಸುಳ್ಳು. ಇದೊಂದು ಮಾತ್ರ ನಿಜ. ನೀವು ಹೂಂ ಅಂದರೆ ಆ ತಾಯಿಗೆ ಈಗ ಫೋನ್ ಮಾಡೋಣ."

ಅಪ್ಪ ಎದ್ದು ಮುಖ ತೊಳೆದುಕೊಂಡು, ವಿಭೂತಿ ಹೊಸದಾಗಿ ಹಚ್ಚಿ ಬಂದು ಕೂತರು. ಜೂಲಿಯಾಳಿಂದ ನಂಬರ್ ತರಿಸಿದ್ದು ನಾನು. ಈ ಕಥೆಯಲ್ಲಿ ನನ್ನ ಕೊಡುಗೆ ಅಷ್ಟೇ.

ಆ ಕಡೆ ಫೋನ್ ಎತ್ತಿದರು. ಮೇಡಂ ತಾವು ಯಾರೆಂದು ಹೇಳಿ, ಫೋನನ್ನು ಮೇಜಿನ ನಡುವೆ ಇಟ್ಟು, ಅಪ್ಪನ ಕಡೆ ತಲೆಯಾಡಿಸಿದರು.

"ಅವ್ವಾರ," ಎಂದರು ಅಪ್ಪ, "ಅವತ್ತ ಫೋನ್ ಎತ್ತಿದಾವ ನಾನ. ನಿಮ್ಮ ಮಗಳು ಮೌನ ಹಿಡದಿದ್ಲು. ಅಕಿ ಮೌನ ನಾ ಕಾದೆ. ನಿಮ್ಮ ಜೀವ ಕಾಯಲಿಲ್ಲ. ನನ್ನದು ತಪ್ಪಾತು."

ನಾನು ಮೆಲ್ಲಗೆ, "ಮೇಡಂ, ಸ್ವಲ್ಪ ಮೆತ್ತಗೆ ಮಾಡಿ ಹೇಳಿ" ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಅಪ್ಪನ ಒಂದೊಂದು ಮಾತನ್ನೂ ಇದ್ದಷ್ಟೇ ತೂಕದಲ್ಲಿ ಇಟಾಲಿಯನ್ನಿಗೆ ಇಳಿಸಿದರು. ತಪ್ಪಾಯಿತು ಎಂದಲ್ಲಿ ತಪ್ಪಾಯಿತು. ವಿಷಾದವಿಲ್ಲ, ಖೇದವಿಲ್ಲ, ಅಸುವಿಧೆಯಂತೂ ಇಲ್ಲ. ಅಷ್ಟು ಒಳ್ಳೆಯ ಇಟಾಲಿಯನ್ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಗದಗಿನ ಕನ್ನಡ ಅಷ್ಟು ಎತ್ತರವಿದೆ ಎಂದೂ ಗೊತ್ತಿರಲಿಲ್ಲ.

ಆ ಕಡೆಯಿಂದ ಆಕೆ ಕೇಳಿದ್ದು, ಮಗಳು ಅಲ್ಲಿ ಸರಿಯಾಗಿ ಊಟ ಮಾಡುತ್ತಿದ್ದಳಾ ಎಂದು.

ಅಪ್ಪನಿಗೆ ಇಂಥ ಪ್ರಶ್ನೆ ಸಿಕ್ಕರೆ ಸಾಕು. ಗೋಧಿ ಹುಗ್ಗಿ ಇದ್ದ ದಿನ ಎರಡು ಸಲ ಹಾಕಿಸಿಕೊಂಡಳು, ಖಾರಕ್ಕೆ ಮೂಗು ಸೋರಿದರೂ ಶೇಂಗಾ ಚಟ್ನಿ ಬಿಡಲಿಲ್ಲ, ಮೌನದಲ್ಲಿದ್ದಾಗ ಇನ್ನಷ್ಟು ಬೇಕು ಎನ್ನಲು ತಟ್ಟೆ ಬಡಿಯುತ್ತಿದ್ದಳು, ಇದನ್ನೆಲ್ಲ ವರ್ಣಿಸಿದರು. ಶೇಂಗಾ ಚಟ್ನಿಯನ್ನು ಇಟಲಿಯ ತಾಯಿಗೆ ತಿಳಿಸಲು ಮೇಡಂ ಪಟ್ಟ ಕಷ್ಟ ಬೇರೆ ಕಥೆ. ಕೊನೆಗೆ ಆ ಕಡೆ ಹೆಂಗಸು ನಕ್ಕರೋ ಅತ್ತರೋ, ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸಿತು.

ಮುಂದಿನದು ಆಕೆ ಮಾಡಿದ್ದು. ತನ್ನನ್ನು ಮಾತಾಡಿಸಿದ್ದ ಒಬ್ಬನೇ ವರದಿಗಾರನಿಗೆ, ಅಂದರೆ ಸೋದರಮಾವನಿಗೇ, ತಾನಾಗಿ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ಎರಡು ದಿನದ ಮೇಲೆ ಒಳಪುಟದಲ್ಲಿ ಬಂತು. ತಾಯಿಯ ಮಾತು, ಅಪ್ಪನ ಮಾತು, ಮೌನ ವ್ರತ ಎಂದರೇನು ಎಂಬ ವಿವರ, ಎಲ್ಲ ಸರಿಯಾಗಿತ್ತು, ಶೇಂಗಾ ಚಟ್ನಿಯೂ ಇತ್ತು. ಶೀರ್ಷಿಕೆ: "ಕ್ಷಮೆ ಕೇಳಿದ ಸಾಂತೋನೆ." ದೊಡ್ಡಪ್ಪ ಎರಡು ಸಾಲು ಹಾಕಿದ. ಅಜ್ಜ ಇಬ್ಬರನ್ನೂ ಹರಸಿದ. ಚಿಕ್ಕಮ್ಮ ಅಷ್ಟರಲ್ಲಿ ಬೇರೆ ಯಾವುದೋ ಊರಿನ ಮಂಜಿನಲ್ಲಿದ್ದಳು.

"ಇನ್ನೂ ಸಾಂತೋನೆ ಅಂತಾನೇ ಹಾಕಿದಾನೆ," ನಾನು ಕುದಿಯುತ್ತ ಹೇಳಿದೆ.

"ಒಂದು ಪದ ತಪ್ಪು, ಉಳಿದದ್ದು ಸರಿ," ಎಂದರು ಮೇಡಂ. "ನಿನ್ನ ಉತ್ತರ ಪತ್ರಿಕೆಗಿಂತ ಎಷ್ಟೋ ವಾಸಿ."

ಹಿರಿಯ ಸ್ವಾಮಿಗಳ ಮುಂದೆ ಕೂತು ಎಲ್ಲವನ್ನೂ ಕನ್ನಡಕ್ಕೆ ಓದಿ ಹೇಳಿದವರೂ ಅವರೇ. ಮೊದಲ ದಿನದ ಸುಳ್ಳನ್ನೂ ಬಿಡಲಿಲ್ಲ, ಅಪ್ಪನ ತಪ್ಪನ್ನೂ ಬಿಡಲಿಲ್ಲ. ಸ್ವಾಮಿಗಳು ಕಣ್ಣು ಮುಚ್ಚಿ ಕೇಳಿದರು. ಅದು ಸಮಾಧಿಯೋ ತೂಕಡಿಕೆಯೋ ಎಂದು ನಾನು ಅಂದಾಜು ಮಾಡುತ್ತಿರುವಾಗಲೇ ಬಾಯಿ ಬಿಟ್ಟರು: "ತನ್ನ ತಪ್ಪು ತಾನ ಹೇಳ್ಯಾನ. ಹೇಳಿದಾವನ್ನ ಕಳಿಸಿ, ಹೇಳದಾವರನ್ನ ಇಟಗೊಂಡು ಮಠ ನಡಸೂದು ಹೆಂಗ? ಕೀಲಿ ಅವನ ಕಡೆನ ಇರಲಿ."

ಅಪ್ಪ ಕಟ್ಟಿದ್ದ ಚೀಟಿಗಳನ್ನೆಲ್ಲ ಆ ಸಂಜೆ ಕೂತು ಬಿಚ್ಚಿದರು.

ನಾನು ಈಗ ಗೈಡ್. ನನ್ನ ಹಿಂದೆ ಇಟಾಲಿಯನ್ ಗುಂಪು ನಗುತ್ತ ನಡೆಯುತ್ತದೆ, ಅದು ನನ್ನ ಹೆಮ್ಮೆ. ಆದರೆ ಯಾವ ಘಾಟಿನ ಬಗ್ಗೆಯೂ ಮೂವರನ್ನು ಕೇಳದೆ ಕಥೆ ಹೇಳುವುದಿಲ್ಲ. ಪಂಡಾಗಳು ನನ್ನ ಕಂಡರೆ "ಬಂದ ನೋಡು ಸಿಐಡಿ" ಎನ್ನುತ್ತಾರೆ.

ಕಳೆದ ವಾರ ಮಠದ ಸಭಾಂಗಣದಲ್ಲಿ ಮೇಡಂಗೆ ನಮ್ಮ ಕನ್ನಡಿಗರ ಬೀಳ್ಕೊಡುಗೆ. ಮೈಸೂರಿಗೆ ಹೋಗುವುದಿಲ್ಲವಂತೆ, ಇಲ್ಲೇ ಇರುತ್ತಾರಂತೆ. ಇದನ್ನು ಮೂವರನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಡಾಕ್ಟರುಗಳು ಮಾತಾಡಿದರು, ಪ್ರೊಫೆಸರುಗಳು ಮುಗಿಸಲು ಒಪ್ಪಲಿಲ್ಲ. ನಾನು ನಾಲ್ಕು ಪತ್ರಿಕೆಯ ದನಿಯಲ್ಲಿ ಸುದ್ದಿ ಓದಿ ಚಪ್ಪಾಳೆ ಗಿಟ್ಟಿಸಿದೆ. ಪಿ.ಎಚ್‌ಡಿ. ಮಾಡುತ್ತಿರುವ ಪಿಂಟು ಸ್ಪಷ್ಟ ಕನ್ನಡದಲ್ಲಿ "ಸೋದರಮಾವ" ಎಂದು ಕೂಗಿದ. ಆಮೇಲೆ ಮೇಡಂ ಮೈಕಿನ ಮುಂದೆ ಬಂದರು. ಕನ್ನಡಕ ತಲೆಯ ಮೇಲಿತ್ತು.

"ನನಗೆ ಈ ಊರು ಕೊಟ್ಟದ್ದು ಅಂದರೆ..." ಎಂದು ಶುರು ಮಾಡಿದ್ದರಷ್ಟೇ. ಪಕ್ಕದ ಆಫೀಸಿನಲ್ಲಿ ಫೋನ್ ರಿಂಗಾಯಿತು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಹೋಗಿ ಎತ್ತಿದರು. ಮರುಕ್ಷಣ ಒಳಗೆ ಬಂದು, ಕೀಲಿಕೈ ಗೊಂಚಲು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡು, ಕುರ್ಚಿಗಳ ಸಾಲುಗಳ ನಡುವೆ ನಡೆದರು. ಹಿಂದಿನ ಸಾಲಿನಲ್ಲಿ ಬೆಳಗಾವಿ ಕಡೆಯ ಒಬ್ಬ ಯುವಕ ಕೂತಿದ್ದ. ವಾರದಿಂದ ಮೌನದಲ್ಲಿದ್ದ. ಅಪ್ಪ ಅವನ ಭುಜ ಮುಟ್ಟಿ, ಸಭೆಗೆಲ್ಲ ಕೇಳುವಂತೆ, "ನಿಮ್ಮವ್ವನ ಫೋನ್ ಐತಿ. ಏಳ್ರಿ," ಎಂದರು.

ಅವನು ತನ್ನ ಬಾಯಿ ತೋರಿಸಿ ಕೈಯಾಡಿಸಿದ.

"ಗೊತ್ತೈತಿ. ಪಾಪ ಬಂದ್ರ ನನಗ ಬರಲಿ. ಏಳ್ರಿ."

ಅವನು ಎದ್ದ. ಮೇಡಂ ತಮ್ಮ ವಾಕ್ಯವನ್ನು ಅಲ್ಲಿಗೇ ಬಿಟ್ಟು, ಮೈಕಿನ ಮೇಲೆ ಅಂಗೈ ಮುಚ್ಚಿ ಹಿಡಿದರು, ಇಲ್ಲಿನ ಸದ್ದು ಅಲ್ಲಿಗೆ ಹೋಗದ ಹಾಗೆ. ಸಭೆ ತಾನಾಗಿ ಸುಮ್ಮನಾಯಿತು. ಆಫೀಸಿನ ಒಳಗಿನಿಂದ, ವಾರದಿಂದ ಬಳಸದ ಗಂಟಲಿನ ಕರಕರ ದನಿ ಕೇಳಿತು: "ಅವ್ವಾ... ನಾನ. ಹ್ಞೂಂ. ಉಂಡೇನಿ."

ಅವನು ಫೋನ್ ಇಡುವ ತನಕ ಮೇಡಂ ಕೈ ತೆಗೆಯಲಿಲ್ಲ. ಅಷ್ಟು ಹೊತ್ತು ನಾನೂ ಯಾರ ದನಿಯನ್ನೂ ತೆಗೆಯದೆ ಸುಮ್ಮನೆ ಕೂತಿದ್ದೆ. ಬೇಕಾದರೆ ಮೂವರನ್ನು ಕೇಳಿ.